ಹಂಗಿನ ಲೆಕ್ಕ

ಕನಕಪುರದಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಒಂದು ಗೊಣಗಾಟ ಕೇಳಿಯೇ ಕೇಳುತ್ತದೆ: 'ಪುಗಸಟ್ಟೆಯವರಿಗೆ ಸೀಟು, ದುಡ್ಡು ಕೊಟ್ಟವರು ನೇತಾಡಬೇಕು.' (ಸಾರಿಗೆ ಬಸ್ಸಿನ ಅರ್ಧ ಸೀಟು ಗಂಡಸರಿಗೇ ಮೀಸಲು ಎಂದು ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆಯ ನಿಯಮವೇ ಹೇಳಿತ್ತು. ಅದು ಯಾರಿಗೂ ನೆನಪಿಲ್ಲ.)

ಪುಗಸಟ್ಟೆ ಎಂಬ ಮಾತು ಯಾರಿಗೆ ಅಂಟುತ್ತದೆ, ಯಾರಿಗೆ ಅಂಟುವುದಿಲ್ಲ ನೋಡಿ. 2018ರ ಜುಲೈನಲ್ಲಿ ಚನ್ನಪಟ್ಟಣದ ಶಾಸಕರೂ ಮುಖ್ಯಮಂತ್ರಿಯೂ ಆಗಿದ್ದ ಎಚ್.ಡಿ. ಕುಮಾರಸ್ವಾಮಿ 34 ಸಾವಿರ ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಘೋಷಿಸಿದರು. ಆಗ ಈ ಸೀಮೆಯಲ್ಲಿ ಆ ಪದವನ್ನು ನಾನಂತೂ ಕೇಳಲಿಲ್ಲ. ಪಹಣಿಯಲ್ಲಿ ಹೆಸರಿದ್ದವನ ಸಾಲ ತೀರಿದರೆ ನ್ಯಾಯ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳು ಮೇಯಿಸುವವಳ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಿದ್ದರೆ ಬಿಟ್ಟಿ. 2024ರ ಏಪ್ರಿಲ್‌ನಲ್ಲಿ ತುರುವೇಕೆರೆಯಲ್ಲಿ ಅದೇ ಕುಮಾರಸ್ವಾಮಿ, ಶಕ್ತಿ, ಗೃಹಲಕ್ಷ್ಮಿಯಂಥ ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳಿಂದ ಹಳ್ಳಿಯ ತಾಯಂದಿರು ದಾರಿ ತಪ್ಪಿದ್ದಾರೆಂದು ಹೇಳಿ, ಆಮೇಲೆ ವಿಷಾದಿಸಿದರು.

ಕೊಟ್ಟವರ ಕಡೆಯೂ ಚೊಕ್ಕವಾಗಿಲ್ಲ. ಅದೇ ವರ್ಷದ ಜನವರಿಯಲ್ಲಿ ಮಾಗಡಿಯ ಕಾಂಗ್ರೆಸ್ ಶಾಸಕ ಎಚ್.ಸಿ. ಬಾಲಕೃಷ್ಣ, ಲೋಕಸಭೆಗೆ ಓಟು ಬರದಿದ್ದರೆ ಗ್ಯಾರಂಟಿಗಳು ರದ್ದಾಗಬೇಕಾದೀತು ಎಂಬರ್ಥದ ಮಾತಾಡಿದರು. ಜನ ಏನು ಮಾಡಿದರು? ಬೆಂಗಳೂರು ಗ್ರಾಮಾಂತರದಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರನ್ನು ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಿಂದ ಸೋಲಿಸಿ ಡಾ. ಸಿ.ಎನ್. ಮಂಜುನಾಥ್ ಅವರನ್ನು ಕಳಿಸಿದರು. ಗ್ಯಾರಂಟಿಯೇನೂ ನಿಲ್ಲಲಿಲ್ಲ. ನವೆಂಬರ್‌ನ ಚನ್ನಪಟ್ಟಣ ಉಪಚುನಾವಣೆಯಲ್ಲಿ ಅದೇ ಕಾಂಗ್ರೆಸ್ಸಿನಿಂದ ನಿಂತ ಸಿ.ಪಿ. ಯೋಗೇಶ್ವರ್ ಗೆದ್ದರು. ಗ್ಯಾರಂಟಿಗೂ ಓಟಿಗೂ ಗಂಟು ಹಾಕಿದವರ ಲೆಕ್ಕ ಎರಡು ಸಲವೂ ತಪ್ಪಿತು. ಹಂಗಿಗೆ ಬೀಳುವ ಜನ ಇವರಲ್ಲ ಎಂದೇ ನಾನು ಓದಿಕೊಂಡಿದ್ದೇನೆ.

ದುಡ್ಡಿನ ಪ್ರಶ್ನೆ ಸುಳ್ಳಲ್ಲ. ಗ್ಯಾರಂಟಿಗಳಿಗೆ ವರ್ಷಕ್ಕೆ ಐವತ್ತು ಸಾವಿರ ಕೋಟಿಗೂ ಹೆಚ್ಚು ಹೋಗುತ್ತಿದೆ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆಂದೇ ಇಟ್ಟ ಹಣದಿಂದ 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಇದಕ್ಕೆ ತಿರುಗಿಸಿದ್ದು ಧಾರಾಳತನವಲ್ಲ. ಒಬ್ಬ ಬಡವನ ಜೇಬಿನಿಂದ ತೆಗೆದು ಇನ್ನೊಬ್ಬರಿಗೆ ದಾನ ಮಾಡಿದಂತೆ. ವಿರೋಧಿಸುವವರು ಬಸ್ಸಿನ ಸೀಟು ಬಿಟ್ಟು ಇದನ್ನು ಹಿಡಿಯಬೇಕಿತ್ತು.

ಧಾರಾಳ ಎಷ್ಟಿರಬೇಕು ಎಂಬುದಕ್ಕಿಂತ, ಅದು ಯಾರ ದಯೆಯ ಮೇಲೆ ನಿಂತಿದೆ ಎಂಬುದು ನನ್ನನ್ನು ಕಾಡುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕೂಲಿಗೆ 15 ದಿನದ ಗಡುವಿತ್ತು, ತಡವಾದರೆ ಪರಿಹಾರವಿತ್ತು. ಪಾಲಿಸಿದ್ದು ಅಷ್ಟಕ್ಕಷ್ಟೇ, ಆದರೂ ಕೇಳಲು ಒಂದು ಕಾಗದವಿತ್ತು. ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾದಾಗ ಬ್ಯಾಂಕಿಗೆ ಅಲೆಯುವ ಹೆಂಗಸಿನ ಕೈಯಲ್ಲಿ ಅದೂ ಇಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದನ್ನಾದರೂ ಒಟ್ಟಿಗೆ ಕೇಳಲಿ: ಆ ಕಂತಿಗೊಂದು ತಾರೀಖು, ಕಾಯ್ದೆಯಲ್ಲಿ.