ಮಲೆನಾಡಿಗೆ ಹಿರಿದಾದ ಡಿಶ್ ಬೇಕು

ಆಗುಂಬೆಯ ಕಡೆ ಮಳೆ ಬಿರುಸಾದೊಡನೆ ದೂರದರ್ಶನದ ಚಿತ್ರವು ಚೂರುಚೂರಾಗಿ ಮಾಯವಾಗುವುದುಂಟು. ಜನರು ಮೋಡವನ್ನು ದೂರುವರು. ನಿಜವಾದ ಅಪರಾಧಿ ಮಳೆಹನಿ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಹೊರಟ ಅಲೆಗಳು ದಾರಿಯ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಸೊರಗುತ್ತವೆ. ಮನೆಯ ಡಿಶ್ ಹಿಡಿಯುವ ಕೆ-ಯು ಬ್ಯಾಂಡಿನ ಅಲೆಯ ಉದ್ದ ಸುಮಾರು 2.5 ಸೆಂಟಿಮೀಟರ್, ಕೆಲವು ಮಿಲಿಮೀಟರ್ ಗಾತ್ರದ ಹನಿಗಳು ಅದರ ಶಕ್ತಿಯನ್ನು ಹೀರಿ ಚದುರಿಸಬಲ್ಲವು. ಸುಮಾರು 7.5 ಸೆಂಟಿಮೀಟರಿನ ಸಿ ಬ್ಯಾಂಡಿಗೆ ಈ ಬಾಧೆ ಬಹಳ ಕಡಿಮೆ. ಆದರೆ ಅದಕ್ಕೆ ಅಂಗಳ ತುಂಬುವ ಡಿಶ್ ಬೇಕು!

ಕೇಬಲಿನ ನಡುವೆ ವರ್ಧಕವನ್ನು ಜೋಡಿಸುವವರಿದ್ದಾರೆ. ಮಳೆಗೆ ಅದು ಮದ್ದಲ್ಲವೆಂದೇ ನಮ್ಮ ಮತ: ಕ್ಷೀಣಿಸಿದ ಸಂಕೇತದೊಡನೆ ಗದ್ದಲವೂ ಅಷ್ಟೇ ಹೆಚ್ಚುತ್ತದೆ. ಬೇಕಾದದ್ದು ವಿಸ್ತೀರ್ಣ. 60 ಸೆಂಟಿಮೀಟರ್ ವ್ಯಾಸದ ಡಿಶ್ಶಿನ ಬದಲು 90 ಸೆಂಟಿಮೀಟರಿನದನ್ನು ನಿಲ್ಲಿಸಿದರೆ ಎರಡೂಕಾಲು ಪಟ್ಟು ಶಕ್ತಿ ದೊರೆಯುತ್ತದೆ. ಧಾರಾಕಾರ ಮಳೆಗೆ ಇದೂ ಸಾಲದಿರಬಹುದು. ಸಾಧಾರಣ ಮಳೆಗೆ ಚಿತ್ರ ನಿಲ್ಲುತ್ತದೆ. ಚಳ್ಳಕೆರೆಗೆ ಸಾಕಾಗುವ ಅಳತೆಯನ್ನೇ ಮಲೆನಾಡಿಗೂ ಕೊಡುವುದು ನ್ಯಾಯವಲ್ಲ. ದೊಡ್ಡ ಡಿಶ್ಶಿಗೆ ಗಾಳಿಯ ಹೊಡೆತ ಹೆಚ್ಚಾದ್ದರಿಂದ ಕಂಬವನ್ನು ಭದ್ರವಾಗಿ ಹೂಳಬೇಕು. ಅದರ ನೋಟ ಕಿರಿದಾದ್ದರಿಂದ ದಿಕ್ಕನ್ನು ಮಳೆಗಾಲಕ್ಕೆ ಮೊದಲೇ, ಆಕಾಶ ತಿಳಿಯಾಗಿರುವಾಗ ಹೊಂದಿಸಬೇಕು.