ಜೀವ ಉಳೀತಲ್ಲ, ಸುಮ್ಮನಿರಿ ಅನ್ನಬೇಡಿ!

ಲಿವರ್ ಕಸಿ ಆದವರ ಹೊಟ್ಟೆಯ ಹಳೇ ಗಾಯದ ಜಾಗ ಉಬ್ಬಿಕೊಂಡರೆ ನಮ್ಮ ಜನ ಹೇಳೋದು ಒಂದೇ ಮಾತು: "ಜೀವ ಉಳೀತಲ್ಲ ಮಾರಾಯ್ರೇ, ಇದೇನು ಮಹಾ! ಬೆಲ್ಟ್ ಕಟ್ಕೊಂಡು ಇದ್ದುಬಿಡಿ." ಕಸಿಗೆಂದು ಊರ ಕಡೆಯಿಂದ ನಮ್ಮ ಚೆನ್ನೈಗೆ ಬರುವವರ ಬಾಯಲ್ಲೂ ಇದೇ. ನಾನಂತೂ ಒಪ್ಪೋದಿಲ್ಲ.

ಆ ಉಬ್ಬು ಹರ್ನಿಯಾ. ಪಕ್ಕೆಲುಬಿನ ಕೆಳಗೆ ಅಷ್ಟುದ್ದ ಕೊಯ್ದು ಹೊಲಿದದ್ದು ಸರಿಯಾಗಿ ಕೂಡಿಕೊಳ್ಳದೆ, ಆ ಸಂದಿಯಲ್ಲಿ ಕರುಳು ತಳ್ಳಿಕೊಂಡು ಬರುತ್ತೆ. ಸ್ಟೀರಾಯ್ಡ್, ಸಿರೋಲಿಮಸ್‌ನಂಥ ಮಾತ್ರೆಗಳು ಗಾಯ ಮಾಯೋದನ್ನೇ ನಿಧಾನ ಮಾಡ್ತವೆ. ಬೆಲ್ಟ್ ಒತ್ತಿ ಹಿಡಿಯುತ್ತೆ ಅಷ್ಟೆ, ತೂತು ಮುಚ್ಚೋದಿಲ್ಲ. ಕರುಳು ಸಿಕ್ಕಿಹಾಕಿಕೊಂಡರೆ ತುರ್ತು ಆಪರೇಷನ್ನೇ ಗತಿ.

"ಇಮ್ಯುನಿಟಿ ಕಮ್ಮಿ, ಮೆಶ್ ಹಾಕಿದ್ರೆ ಸೋಂಕು" ಅನ್ನೋದು ಇನ್ನೊಂದು ಹೆದರಿಕೆ. ಸೋಂಕಿನ ಅಪಾಯ ಸುಳ್ಳಲ್ಲ. ಆದರೆ ಬರೀ ಹೊಲಿಗೆಯ ಪಾಡೇನು? ಕಸಿಯಾಗದ ಸಾಮಾನ್ಯ ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲೇ, ಮೂರು ವರ್ಷದಲ್ಲಿ ಹರ್ನಿಯಾ ಮರಳಿದ್ದು ಹೊಲಿಗೆಯವರಲ್ಲಿ ಶೇ. 43, ಮೆಶ್‌ನವರಲ್ಲಿ ಶೇ. 24. ಕಸಿಯಾದವರಿಗೂ ಮೆಶ್ ಹಾಕುತ್ತಾರೆ. ಸಿರೋಲಿಮಸ್ ನಡೆಯುತ್ತಿದ್ದರೆ ಸಾಮಾನ್ಯವಾಗಿ ಮೊದಲೇ ಬೇರೆ ಮಾತ್ರೆಗೆ ಬದಲಿಸುತ್ತಾರೆ. ಅದು ಕಸಿ ಡಾಕ್ಟರ ಕೆಲಸ. ನೀವೇ ನಿಲ್ಲಿಸಿದರೆ ಹೊಸ ಲಿವರಿಗೇ ಕುತ್ತು.

ಎಲ್ಲರೂ ಇವತ್ತೇ ಕೊಯ್ಸಿಕೊಳ್ಳಿ ಅಂತಿಲ್ಲ. ಚಿಕ್ಕದು, ನೋವಿಲ್ಲದ್ದು ಕಾಯಬಹುದು. ಆದರೆ ಆ ಮಾತನ್ನು ಸರ್ಜನ್ ನೋಡಿ ಹೇಳಲಿ, ನೆಂಟರಲ್ಲ. ಲಕ್ಷಗಟ್ಟಲೆ ಸುರಿದು, ಎಷ್ಟೋ ಸಲ ಮನೆಯವರೇ ಲಿವರ್ ಕೊಟ್ಟು ಉಳಿಸಿಕೊಂಡ ಜೀವ, ಒಂದು ಬಿಂದಿಗೆ ನೀರು ಎತ್ತಲಾರದೆ ಮೂಲೆ ಹಿಡಿದು ಕೂರಬೇಕೇ?

ಏನಂತೀರಿ?