ಬುರ್ಹಾನ್‌ಪುರದಲ್ಲಿ ಚಪ್ಪಲಿ ಸಿಗಲಿಲ್ಲ

ಬೇಸಿಗೆ ರಜೆ ಮುಗಿದ ಮೇಲೆ ಮೊಮ್ಮಗಳನ್ನು ದೆಹಲಿಗೆ ಬಿಟ್ಟುಬರುವ ಕೆಲಸ ಪ್ರತಿ ವರ್ಷವೂ ನನ್ನದೇ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ಪುಳಿಯೋಗರೆ ಗೊಜ್ಜು, ಚಕ್ಕುಲಿ, ಹೊದಿಕೆ ಎಲ್ಲಕ್ಕೂ ವಾರದಿಂದ ತಯಾರಿ ನಡೆಯುತ್ತದೆ. ಪುಸ್ತಕ ಮಾತ್ರ ರೈಲು ಹೊರಡಲು ಹತ್ತು ನಿಮಿಷ ಇರುವಾಗ ನೆನಪಾಗುತ್ತದೆ.

ಹೋದ ವರ್ಷ ಹಾಗೇ ಆಯಿತು. ಮುಖಪುಟದಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ನೋಡಿ, ಇವಳಿಗೆ ಇಷ್ಟವಾಗುತ್ತದೆ ಅಂದುಕೊಂಡು, ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದನ್ನು ಕೊಂಡೆ. ಹಿಂದೂಪುರ ದಾಟುವಷ್ಟರಲ್ಲಿ ಅವಳ ಮುಖ ಸಪ್ಪಗಾಯಿತು. “ತಾತ, ಇದು ಮೂರನೇ ಭಾಗ. ಹಿಂದಿನ ಎರಡರಲ್ಲಿ ಯಾರು ಸತ್ತರು, ಯಾರು ಉಳಿದರು ಅನ್ನೋದೇ ಗೊತ್ತಾಗ್ತಿಲ್ಲ.” ಪುಸ್ತಕ ದಿಂಬಿನ ಕೆಳಗೆ ಹೋಯಿತು, ಮೊಬೈಲು ಕೈಗೆ ಬಂತು. ದೆಹಲಿಯವರೆಗೂ ನಾವಿಬ್ಬರು ಆಡಿದ್ದು ‘ಊಟ ಮಾಡ್ತೀಯಾ’, ‘ಲೈಟು ಆರಿಸಲಾ’ ಅಷ್ಟೇ. ವರ್ಷಕ್ಕೊಮ್ಮೆ ಸಿಗುವ ಮಗು. ವಾಪಸು ಬರುವಾಗ ಮನಸ್ಸಿಗೆ ತುಂಬ ಪಿಚ್ಚೆನಿಸಿತು.

ಈಗಿನ ಅದ್ಭುತ ಕಾದಂಬರಿಗಳು ಬಹಳಷ್ಟು ಸರಣಿಯಲ್ಲೇ ಬರುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಜ್ಜ ಅಜ್ಜಿಯರೇ, ಕೊಳ್ಳುವ ಮೊದಲು ಪುಸ್ತಕದ ಬೆನ್ನ ಮೇಲೆ ಅಂಕಿ ಇದೆಯೇ ನೋಡಿ. ಟಾಲ್ಕಿನ್ ಬರೆದ ‘ದಿ ಹಾಬಿಟ್’ 1937ರದು, ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಅದರಲ್ಲಿ ನಕಾಶೆಯೂ ಉಂಟು. ಇಂಗ್ಲಿಷ್ ಓದುವ ಮಕ್ಕಳಿಗೆ ಪ್ರಯಾಣದಲ್ಲಿ ಕೊಡಬಹುದು.

ಈ ವರ್ಷ ಇವಳನ್ನೇ ಜೊತೆಗೆ ಕರೆದುಕೊಂಡು ಅವೆನ್ಯೂ ರಸ್ತೆಗೆ ಹೋದೆ. ಹಳೇ ಪುಸ್ತಕಗಳ ರಾಶಿ ಮುಂದೆ ಕೂತು ಹುಡುಕುವುದೇ ಒಂದು ಆಟ. “ತಾತ, ನಮ್ಮ ರೈಲು ಹೋಗೋ ದಾರಿಯಲ್ಲೇ ನಡೆಯೋ ಕಥೆ ಯಾವುದಾದ್ರೂ ಇದೆಯಾ?” ಅಂದಳು. ಎಂಥ ಪ್ರಶ್ನೆ! ಅರವತ್ತು ವರ್ಷದಿಂದ ಓದುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ಇತ್ತು. ಫ್ರಾನ್ಸಿನ ಜೂಲ್ಸ್ ವರ್ನ್ ಬರೆದ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ಯ ಕಥೆ. 1872ರ ಅಕ್ಟೋಬರ್ 2ರಂದು ಲಂಡನ್ ಬಿಟ್ಟ ಫಿಲಿಯಾಸ್ ಫಾಗ್, ಮುಂಬಯಿಯಲ್ಲಿ ಹಡಗಿಳಿದು ರೈಲು ಹತ್ತುತ್ತಾನೆ. ನಮ್ಮ ರೈಲು ಮನ್ಮಾಡಿನಲ್ಲಿ ಸೇರಿಕೊಳ್ಳುವುದು ಅದೇ ಮುಂಬಯಿಯ ಹಳಿಯನ್ನು. ಬುರ್ಹಾನ್‌ಪುರದಲ್ಲಿ ಅವನ ಸೇವಕ ಪಾಸ್‌ಪಾರ್ತೂ ಸುಳ್ಳು ಮುತ್ತು ಹೊಲಿದ ಚಪ್ಪಲಿ ಕೊಳ್ಳುತ್ತಾನೆ. ಮುಂದೆ ಖೋಲ್ಬಿ ಎಂಬಲ್ಲಿ ಹಳಿ ಮುಗಿದುಹೋಗುತ್ತದೆ! ಅಲಹಾಬಾದಿನವರೆಗೆ ಇನ್ನೂ ಹಾಕಿಯೇ ಇಲ್ಲವಂತೆ. ಫಾಗ್ ಎರಡು ಸಾವಿರ ಪೌಂಡು ಕೊಟ್ಟು ಆನೆ ಕೊಂಡು ಕಾಡು ದಾಟುತ್ತಾನೆ.

ತಮಾಷೆ ಕೇಳಿ. ನಿಜವಾದ ಹಳಿ ಆಗಲೇ ಪೂರ್ತಿಯಾಗಿತ್ತು. ಜಬ್ಬಲ್‌ಪುರದ ಮೇಲೆ ಮುಂಬಯಿಗೂ ಕಲ್ಕತ್ತೆಗೂ ರೈಲು ಸಂಪರ್ಕ 1870ರಲ್ಲೇ ಆಗಿತ್ತು. ವರ್ನ್ ಭಾರತಕ್ಕೆ ಬಂದವನಲ್ಲ. ಆನೆ ಬೇಕು ಅನ್ನಿಸಿತೋ ಏನೋ, ಹಳಿಯನ್ನೇ ಕಿತ್ತುಹಾಕಿದ! ಇದನ್ನು ಹೇಳಿದಾಗ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಆ ಪುಸ್ತಕದ ಕನ್ನಡ ಸಂಗ್ರಹ ಸಿಕ್ಕಿತು. ಮನೆಯಲ್ಲೇ ನಾನು ಓದಿ ಹೇಳಿ ಮುಗಿಸಿದೆ. ರೈಲಿಗೆಂದು ಅದೇ ವರ್ನನ ಇನ್ನೊಂದನ್ನು, ಕ್ಯಾಪ್ಟನ್ ನೀಮೊನ ಜಲಾಂತರ್ಗಾಮಿ ‘ನಾಟಿಲಸ್’ನ ಕಥೆಯನ್ನು, ಎತ್ತಿಟ್ಟೆವು. ಇಪ್ಪತ್ತು ಸಾವಿರ ಲೀಗ್ ಅಂದರೆ ಸಮುದ್ರದ ಆಳವಲ್ಲ, ನೀರೊಳಗೆ ಸಾಗಿದ ದೂರ. ಒಂದು ಲೀಗಿಗೆ ನಾಲ್ಕು ಕಿಲೋಮೀಟರು ಹಿಡಿದರೆ ಎಂಬತ್ತು ಸಾವಿರ. ಭೂಮಿಯನ್ನು ಎರಡು ಸುತ್ತು ಸುತ್ತಿದಷ್ಟು.

ರಾತ್ರಿ ಮಲಗಿ ಬೆಳಗ್ಗೆ ಕಲಬುರಗಿ ದಾಟಿದ ಮೇಲೆ ಪುಸ್ತಕ ತೆಗೆದೆ. ಅಕ್ಷರಗಳು ಕುಣಿಯತೊಡಗಿದವು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದೇನೆ, ಇನ್ನೊಂದಕ್ಕೆ ಇನ್ನೂ ಆಗಬೇಕು. ಮನೆಯಲ್ಲಿ ದೀಪದ ಕೆಳಗೆ ಓದಿದವನಿಗೆ ಓಡುವ ರೈಲಿನಲ್ಲಿ ಎರಡು ಸಾಲೂ ಓದಲಾಗಲಿಲ್ಲ. ಹೋದ ವರ್ಷದ್ದೇ ಕಥೆ ಆಯಿತಲ್ಲ ಅಂದುಕೊಂಡೆ.

“ಕೊಡು ತಾತ, ನಾನು ಓದ್ತೀನಿ” ಅಂದಳು.

ಇವಳು ಕನ್ನಡ ಕಲಿತದ್ದು ಭಾನುವಾರಗಳಲ್ಲಿ, ಅಮ್ಮನ ಹತ್ತಿರ. ಅಕ್ಷರ ಗೊತ್ತು, ಆದರೆ ಪುಸ್ತಕ ಅಂತ ಒಂದನ್ನೂ ಓದಿದವಳಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ಗಾಡಿ ನಿಲ್ಲುತ್ತಿತ್ತು. ‘ಪ್ರಕ್ಷುಬ್ಧ’ ಎಂಬ ಒಂದು ಪದದಲ್ಲಿ ಒಂದು ಸ್ಟೇಷನ್ನೇ ಕಳೆಯಿತು. (ಅನುವಾದ ಮಾಡುವ ಮಹನೀಯರೇ, ಮಕ್ಕಳ ಪುಸ್ತಕದಲ್ಲಿ ‘ಸಮುದ್ರ ಕೆರಳಿತ್ತು’ ಅಂತ ಬರೆದರೆ ಸಾಲದೇ?) ನಾನು ಬಾಯಿ ಹಾಕದೆ ಕೂತೆ. ಅದು ನನಗೆ ಸುಲಭದ ಕೆಲಸವಲ್ಲ, ಮೂವತ್ತು ವರ್ಷ ಮೇಷ್ಟರಾಗಿದ್ದವನು.

ಎದುರು ಸೀಟಿನಲ್ಲಿ ಕಲಬುರಗಿಯಲ್ಲಿ ಹತ್ತಿದ ಅಜ್ಜಿ ಇದ್ದರು. ಝಾನ್ಸಿಯಲ್ಲಿ ಮಿಲಿಟರಿಯಲ್ಲಿರುವ ಮಗನ ಮನೆಗೆ ಹೊರಟವರು. ಸೊಲ್ಲಾಪುರದವರೆಗೆ ಕಿಟಕಿ ನೋಡುತ್ತಿದ್ದವರು ಆಮೇಲೆ ಇತ್ತ ತಿರುಗಿ ಕೂತರು. ಇವಳು ತಡವರಿಸಿದರೆ “ಸಾವಕಾಶ ಓದವಾ, ಗಾಡಿ ಎಲ್ಲಿ ಹೋಗ್ತದ” ಅನ್ನುತ್ತಿದ್ದರು. ದೌಂಡ್ ದಾಟುವಾಗ ಅವರೇ ಕೇಳಿದರು: “ಅಲ್ಲವಾ, ಆ ಮನಷ್ಯಾ ಯಾವಾಗ್ಲೂ ನೀರಾಗ ಯಾಕ ಇರ್ತಾನ? ಅಂವಗ ಊರು ಇಲ್ಲೇನು?”

ಇವಳು ನನ್ನ ಮುಖ ನೋಡಿದಳು. ಲ್ಯಾಟಿನ್ ಭಾಷೆಯಲ್ಲಿ ನೀಮೊ ಅಂದರೆ ‘ಯಾರೂ ಅಲ್ಲ’ ಎಂದಷ್ಟೇ ಹೇಳಿದೆ.

ಬುರ್ಹಾನ್‌ಪುರ ಬರುವಾಗ ಪ್ಲಾಟ್‌ಫಾರಮಿನ ದೀಪ ಹತ್ತಿದ್ದವು. ಇವಳು ಬಾಗಿಲಿಗೆ ಓಡಿದಳು, ನಾನು ಹಿಂದಿನಿಂದ ತೋಳು ಹಿಡಿದುಕೊಂಡೆ. ಚಹಾ ಮಾರುವವನಿದ್ದ, ಮುತ್ತಿನ ಚಪ್ಪಲಿ ಮಾರುವವರು ಯಾರೂ ಇರಲಿಲ್ಲ. “ನೂರೈವತ್ತು ವರ್ಷ ಲೇಟಾಗಿ ಬಂದ್ವಿ” ಅಂದಳು.

ಖಂಡ್ವಾ ಹೊತ್ತಿಗೆ ನಾಟಿಲಸ್ ಸಿಂಹಳದ ಬಳಿ ಇತ್ತು. ಮುತ್ತು ತೆಗೆಯಲು ಮುಳುಗಿದ ಬಡ ಭಾರತೀಯನನ್ನು ನೀಮೊ ಶಾರ್ಕಿನ ಬಾಯಿಂದ ಉಳಿಸಿ, ಕೈತುಂಬ ಮುತ್ತು ಕೊಡುತ್ತಾನೆ. ಓದುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. “ತಾತ, ನೀಮೊ ನಮ್ಮ ದೇಶದವನಾ?”

ನಾಲಿಗೆ ಕಚ್ಚಿಕೊಂಡೆ. “ಝಾನ್ಸಿಯಲ್ಲಿ ಎದ್ದರೆ ಹೇಳ್ತೀನಿ” ಅಂದೆ. (ಈ ಗುಟ್ಟನ್ನು ತಾವೇ ಓದಿ ತಿಳಿಯುವ ಮಕ್ಕಳು ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಿ.)

ಬೆಳಗಿನ ಜಾವ ಝಾನ್ಸಿಯಲ್ಲಿ ಅಜ್ಜಿಯ ಗಂಟು ಇಳಿಸುವಾಗ ಇವಳು ಕಣ್ಣುಜ್ಜಿಕೊಂಡು ಎದ್ದೇ ಬಂದಳು. ಉತ್ತರ ಆ ಪುಸ್ತಕದಲ್ಲಿಲ್ಲ. ವರ್ನ್ ಆಮೇಲೆ ಬರೆದ ‘ರಹಸ್ಯ ದ್ವೀಪ’ದಲ್ಲಿದೆ. ನೀಮೊ ಬುಂದೇಲಖಂಡದ ರಾಜಕುಮಾರ, ಹೆಸರು ದಕ್ಕರ್. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ, ಮನೆಮಂದಿಯನ್ನೆಲ್ಲ ಕಳೆದುಕೊಂಡು ಸಮುದ್ರ ಸೇರಿದವನು. “ನಾವು ನಿಂತಿರೋದೇ ಬುಂದೇಲಖಂಡದಲ್ಲಿ. ಇನ್ನೊಂದು ಮಾತು, ಅವನು ಟಿಪ್ಪು ಸುಲ್ತಾನನಿಗೆ ಸೋದರಳಿಯ ಆಗಬೇಕಂತೆ” ಅಂದೆ.

“ಹೋದ ವಾರ ನೋಡಿದ್ವಲ್ಲ, ಶ್ರೀರಂಗಪಟ್ಟಣ! ಆ ಟಿಪ್ಪುನಾ?” ಇವಳ ನಿದ್ದೆ ಹಾರಿಹೋಯಿತು. ಇದು ಕಾದಂಬರಿಕಾರ ಕಟ್ಟಿದ ನಂಟು, ಚರಿತ್ರೆಯಲ್ಲಿ ಹುಡುಕಬೇಡ ಅಂದರೂ ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಇವಳ ಗಲ್ಲ ಸವರಿ, “ನಂಗೊತ್ತಿತ್ತವಾ, ಅಂವಗ ಊರು ಇದ್ದೇ ಇರ್ತದಂತ” ಎಂದು ಮಗನ ಹಿಂದೆ ನಡೆದರು.

ನೀವು ಮಲೆನಾಡಿನ ಕಡೆ ಹೊರಟಿದ್ದರೆ ಇಷ್ಟು ದೂರ ಹುಡುಕಬೇಕಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಇದೆ. ಅದರಲ್ಲಿ ವಿಜ್ಞಾನಿಯೂ ಮಂದಣ್ಣನೂ ಕಿವಿ ಎಂಬ ನಾಯಿಯೂ ಸೇರಿ ಕಾಡಿನಲ್ಲಿ ಅರಸುವುದು ಹಾರುವ ಓತಿಯನ್ನು. ಪಶ್ಚಿಮಘಟ್ಟದ ಮರಗಳಲ್ಲಿ ಹಾರುವ ಓತಿ ನಿಜಕ್ಕೂ ಇದೆ. ಘಾಟಿಯಲ್ಲಿ ಬಸ್ಸು ನಿಂತಾಗ ಮಕ್ಕಳು ಮರ ನೋಡಿಯಾರು. ಕನ್ನಡದ್ದೇ ವಿಜ್ಞಾನ ಕಥೆ ಬೇಕೆಂದರೆ ಗ್ರಂಥಾಲಯದಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಹೇಳಿ ಕೇಳಿ.

ದೆಹಲಿ ಬಂದಾಗ ಪುಸ್ತಕದಲ್ಲಿ ನಲವತ್ತು ಪುಟ ಬಾಕಿ ಇತ್ತು. ಅದನ್ನು ಅವಳ ಹತ್ತಿರವೇ ಬಿಟ್ಟುಬಂದೆ. ಭಾನುವಾರ ಸಂಜೆ ಫೋನು ಮಾಡಿ ನಾಲ್ಕು ನಾಲ್ಕು ಪುಟ ಓದುತ್ತಾಳೆ. ಮೊನ್ನೆ ನಾಟಿಲಸ್ ದಕ್ಷಿಣ ಧ್ರುವದ ಹಿಮದ ಅಡಿಯಲ್ಲಿ ಸಿಕ್ಕಿಕೊಂಡಿತು. ಒಳಗೆ ಉಸಿರಾಡುವ ಗಾಳಿ ಮುಗಿಯುತ್ತಾ ಬಂದಿದೆ, ಎಲ್ಲರೂ ಕೊಡಲಿ ಹಿಡಿದು ಹಿಮ ಕಡಿಯುತ್ತಿದ್ದಾರೆ. ಅಷ್ಟರಲ್ಲಿ “ತಾತ, ಹೋಮ್‌ವರ್ಕ್ ಇದೆ” ಅಂತ ಫೋನು ಇಟ್ಟುಬಿಟ್ಟಳು. ಇವತ್ತಿನ್ನೂ ಬುಧವಾರ.